ಚಾಸಿ ಮೇಲಿನ ಏಳು

ಡೂರಡಾಯ್ಲ್, ಲಿಮೆರಿಕ್, ಐರ್ಲೆಂಡ್
9 ಫೆಬ್ರವರಿ 2025

ಅಪ್ಪ,

ಹದಿನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಮನೆಯ ಸುದ್ದಿಯನ್ನೆಲ್ಲ ಅಮ್ಮ ಫೋನಿನಲ್ಲಿ ಹೇಳುತ್ತಾಳೆ, ಅದನ್ನೇ ಕೇಳಿ ಕಾಗದ ದಂಡ ಮಾಡುವುದಿಲ್ಲ. ನಿಮ್ಮ ಕಿವಿ ಪೂರ್ತಿ ಹೋಯಿತಂತೆ. ಮೂವತ್ತು ವರ್ಷ ಲಾರಿ ತಗಡು ಬಡಿದವರ ಕಿವಿ ಹೋಗದೆ, ಫ್ಯಾನಿನ ಕೆಳಗೆ ಕೂತು ಬಡಿಸಿದವರ ಕಿವಿ ಹೋಗುತ್ತದೆಯೇ? ಫೋನಿನಲ್ಲಿ ನಿಮ್ಮೊಡನೆ ಜಗಳವಾಡುವ ಸುಖವೂ ನನಗೆ ತಪ್ಪಿತು. ಅದಕ್ಕೇ ಈ ಕಾಗದ. ಇದರಲ್ಲಿ ಜಗಳವೂ ಇದೆ, ಒಂದು ಪ್ರಶ್ನೆಯೂ ಇದೆ.

ಮೊದಲು ಜಗಳ. ನಾನು ಶನಿವಾರ ಇಲ್ಲಿನ ಒಂದು ಗ್ಯಾರೇಜಿನಲ್ಲಿ ವೆಲ್ಡಿಂಗ್ ಕಲಿಯುತ್ತಿರುವ ಫೋಟೊ ಕಳಿಸಿದಾಗ ನೀವು ಒಂದೇ ಸಾಲು ಬರೆದಿರಿ: "ಇದಕ್ಕಾ ನಿನ್ನನ್ನು ಅಲ್ಲಿಗೆ ಕಳಿಸಿದ್ದು?" ಹದಿನೈದು ವರ್ಷದವಳಿದ್ದಾಗ ನಿಮ್ಮ ಷೆಡ್ಡಿಗೆ ಬಂದು ಸುತ್ತಿಗೆ ಮುಟ್ಟಿದ್ದೆ. ಎಲ್ಲರ ಎದುರು ಕಿತ್ತುಕೊಂಡು ಮನೆಗೆ ಅಟ್ಟಿದಿರಿ. ಅದೇ ಸಂಜೆ ಪುರಭವನದ ಮುಂದೆ ದುಡಿಯುವ ಕೈಗಳಿಗೆ ಜಯವಾಗಲಿ ಅಂತ ತಮಟೆ ಹೊಡೆದು ಹಾಡಿದಿರಿ. ದುಡಿಯುವ ಕೈ ಮಗಳದಾದರೆ ಜಯ ಬೇಡವೇ? ಇಷ್ಟೇ ನನ್ನ ಜಗಳ.

ಇನ್ನು ಪ್ರಶ್ನೆ. ಊರಾಚೆ ಪ್ಯಾಟ್ರಿಕ್ಸ್‌ವೆಲ್ ದಾರಿಯಲ್ಲಿ ಬ್ರೀಡ್ ಅಂತ ಒಬ್ಬ ಅಜ್ಜಿ ಇದ್ದಾರೆ. ಎಪ್ಪತ್ತಾರು ವರ್ಷ, ಒಂದು ಸೊಂಟ ಸ್ಟೀಲಿನದು. ತೀರಿಕೊಂಡ ಗಂಡ ಒಂದು 1938ರ ಫೋರ್ಡಿನ ಚಾಸಿಯನ್ನು ಷೆಡ್ಡಿನಲ್ಲಿ ಬಿಟ್ಟುಹೋಗಿದ್ದಾರೆ. ಮೈಯೆಲ್ಲ ತುಕ್ಕು ತಿಂದು ಉದುರಿದೆ. ಇಂಥ ಹಳೆ ಗಾಡಿಯ ಬಾನೆಟ್ಟು ತೆಗೆದು, ಮೈ ತಗ್ಗಿಸಿ, ದೊಡ್ಡ ಇಂಜಿನ್ ಕೂರಿಸಿ, ಗುಡುಗಿಸಿಕೊಂಡು ಓಡಿಸುವುದಕ್ಕೆ ಇವರು ಹಾಟ್ ರಾಡ್ ಅನ್ನುತ್ತಾರೆ. ಅಜ್ಜಿ ನನಗಂದರು: "ನೀನು ಕಟ್ಟು, ಗಾಡಿ ನಿನ್ನದು. ಆದ್ರೆ ಒಂದು ಮಾತು. ಕಿಲ್ಕೀ ಸಮುದ್ರದ ತನಕ ನನ್ನ ಕೂರಿಸ್ಕೊಂಡು ಹೋಗ್ಬೇಕು. ಮದುವೆಯಾದ ವಾರ ಅಲ್ಲಿಗೆ ಹೋಗಿದ್ವಿ, ಬಸ್ಸಲ್ಲಿ. ಅವನು ಕಾರಲ್ಲಿ ಕರ್ಕೊಂಡು ಹೋಗ್ತೀನಿ ಅಂತ ಐವತ್ತು ವರ್ಷ ಹೇಳ್ದ, ಹೋದ."

ಅಕ್ಟೋಬರ್ ಕೊನೆಗೆ ಆ ಮನೆ, ಷೆಡ್ಡು ಎರಡೂ ಬೇರೆಯವರ ಪಾಲಾಗುತ್ತವೆ. ಅಷ್ಟರಲ್ಲಿ ಗಾಡಿ ಕಟ್ಟಿ, ನೋಂದಣಿ ಮಾಡಿಸಿ, ರಸ್ತೆಗೆ ಇಳಿಸಬೇಕು. ಇಲ್ಲದಿದ್ದರೆ ಗುಜರಿ ಲಾರಿ ಬರುತ್ತದೆ.

ಇಂಜಿನ್ನು, ಬ್ರೇಕು ನನಗೆ ಬರುತ್ತದೆ. ಮಡ್‌ಗಾರ್ಡು ಬರುವುದಿಲ್ಲ. ಎರಡು ಕಡೆಗೂ ಬಾಗಬೇಕಾದ ತಗಡನ್ನು ಮಿಷನ್ ಇಲ್ಲದೆ ಸುಕ್ಕಾಗದಂತೆ ಬಡಿಯುವುದು ಹೇಗೆ? ವಿಡಿಯೊ ನೋಡಿ ಮೂರು ಶೀಟು ಹಾಳು ಮಾಡಿದೆ. ಅವುಗಳ ಫೋಟೊ, ಗಾಡಿಯ ಅಳತೆ ಇದರ ಜೊತೆ ಇಟ್ಟಿದ್ದೇನೆ. ಹೇಳುವುದಾದರೆ ಹೇಳಿ.

ನೀಲಾ


ಮೈಸೂರು
೨೮ ಫೆಬ್ರವರಿ ೨೦೨೫

ನೀಲಾ, ಜೈಭೀಮ್.

ನಿನ್ನ ಕಾಗದ ತಲುಪಿತು. ಜಗಳಕ್ಕೆ ಉತ್ತರ ಕೊಡುವುದಿಲ್ಲ, ಪ್ರಶ್ನೆಗೆ ಕೊಡುತ್ತೇನೆ.

ಹಾಟ್ ರಾಡ್ ಅಂದರೆ ಬಿಸಿ ಕಂಬಿ ಅಂತ ನಿಮ್ಮಮ್ಮ ತಿಳಿದುಕೊಂಡು, ನೀನು ಕೈ ಸುಟ್ಟುಕೊಂಡೆ ಅಂತ ಅರ್ಧ ಗಂಟೆ ಅತ್ತಳು. ಆಮೇಲೆ ಕಾಗದ ಪೂರ್ತಿ ಓದಿದೆವು.

ನಿನ್ನ ಮೊದಲ ತಪ್ಪು, ತಗಡಿಗೆ ನೇರ ಕತ್ತರಿ ಹಾಕಿದ್ದು. ಮೊದಲು ರಟ್ಟಿನಲ್ಲಿ ಮಾಡು. ರಟ್ಟು ಒಪ್ಪದ ಬಾಗನ್ನು ತಗಡೂ ಒಪ್ಪುವುದಿಲ್ಲ. ಎರಡನೆಯ ತಪ್ಪು, ನಡುವಿನಿಂದ ಬಡಿದಿದ್ದೀಯ. ಫೋಟೊದಲ್ಲೇ ಕಾಣುತ್ತದೆ, ಹೊಟ್ಟೆ ಉಬ್ಬಿದೆ. ಮರದ ಕೊರಡಿನಲ್ಲಿ ಗುಳಿ ತೋಡು, ಅದರ ಮೇಲೆ ಮರಳು ಚೀಲ ಇಡು. ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಒಳಕ್ಕೆ ಬಾ. ಸಣ್ಣ ಏಟು. ಸಿಟ್ಟಿನ ಏಟು ಬೇಡ. ಸಿಟ್ಟನ್ನು ಭಾಷಣಕ್ಕೆ ಇಟ್ಟುಕೋ.

ನಯ ಮಾಡುವಾಗ ತಗಡಿನ ಅಡಿಯಲ್ಲಿ ಡಾಲಿ, ಅದೇ ಅಂಗೈಯಗಲದ ಕಬ್ಬಿಣದ ಗಟ್ಟಿ, ಹಿಡಿದು ಬಡಿ. ಟಿಣ್ ಅಂದರೆ ಸರಿ ಕೂತಿದೆ. ಟಪ್ ಅಂದರೆ ಅಡಿ ಟೊಳ್ಳು. ನನಗೆ ಈಗ ಟಿಣ್ಣೂ ಇಲ್ಲ, ಟಪ್ಪೂ ಇಲ್ಲ. ಆದರೆ ಅಂಗೈ ಇದೆ. ನೀನೂ ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡು. ಕಣ್ಣಿಗೆ ಕಾಣದ ಗುಂಡಿ ಅಂಗೈಗೆ ಸಿಗುತ್ತದೆ.

ನೀನು ಕೊಟ್ಟ ಅಳತೆಗೆ ರಟ್ಟಿನ ಅಚ್ಚು ಕತ್ತರಿಸಿ ಇದರ ಜೊತೆ ಕಳಿಸಿದ್ದೇನೆ. ಮುಂದಿನ ಎರಡು, ಹಿಂದಿನ ಎರಡು, ಬಾಗಿಲಿನ ಎರಡು, ಬೆನ್ನಿನ ಮೂರು ತುಂಡು. ನೀನು ಮಡ್‌ಗಾರ್ಡು ಮಾತ್ರ ಕೇಳಿದ್ದೆ. ಕತ್ತರಿ ಕೈಯಲ್ಲಿತ್ತು, ನಿಲ್ಲಲಿಲ್ಲ.

ಉಳಿದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ದೊಡ್ಡಯ್ಯ

ಎಡಗಡೆಯದು ಮುಗಿದ ಮೇಲೆ ಫೋಟೊ ಕಳಿಸು. ಬಲಗಡೆಯದು ಯಾವಾಗಲೂ ಸ್ವಲ್ಪ ಮೋಸ ಮಾಡುತ್ತದೆ, ಅದರದ್ದೂ ಕಳಿಸು.


ಲಿಮೆರಿಕ್
6 ಏಪ್ರಿಲ್ 2025

ಅಪ್ಪ,

ಟಿಣ್! ಟಿಣ್! ಟಿಣ್!

ನಾಲ್ಕೂ ಮಡ್‌ಗಾರ್ಡು ಮುಗಿದವು. ಬಲಗಡೆಯದು ಮೋಸ ಮಾಡಿತು, ಅಂಗೈಯಲ್ಲಿ ಹಿಡಿದುಬಿಟ್ಟೆ. ಬ್ರೀಡ್ ಅಜ್ಜಿ ಟೀ ತಂದವರು ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ಸವರಿ, "ಗ್ರ್ಯಾಂಡ್! ಕುದುರೆ ಮೈ ಇದ್ದ ಹಾಗಿದೆ. ಯಾರು ಕಲಿಸಿದ್ದು ನಿಂಗೆ?" ಅಂದರು. ನಮ್ಮಪ್ಪ, ಕಾಗದದಲ್ಲಿ, ಅಂದೆ. "ನಮ್ಮಪ್ಪ ನಂಗೆ ಕಾಗದದಲ್ಲಿ ಬೈದದ್ದು ಬಿಟ್ರೆ ಇನ್ನೇನೂ ಬರೀಲಿಲ್ಲ" ಅಂದರು. ನಮ್ಮಪ್ಪ ಎರಡೂ ಮಾಡ್ತಾರೆ ಅಂತ ಹೇಳಿದ್ದೇನೆ.

ಈಗ ನೋಂದಣಿಯ ಮಾತು. ಮನೆಯಲ್ಲಿ ಕಟ್ಟಿದ ಗಾಡಿಯನ್ನು ಇಲ್ಲಿ ಸುಮ್ಮನೆ ಬೀದಿಗೆ ಬಿಡುವುದಿಲ್ಲ. ಮೊದಲು ಒಬ್ಬ ಇಂಜಿನಿಯರ್ ವರದಿ ಬರೆಯಬೇಕು, ಆಮೇಲೆ ತಪಾಸಣೆ, ಆಮೇಲೆ ನಂಬರ್ ಪ್ಲೇಟು. ಡೆಕ್ಲನ್ ಅಂತ ಒಬ್ಬ ಇಂಜಿನಿಯರ್ ಸಿಕ್ಕಿದ್ದಾರೆ, ಒಳ್ಳೆಯ ಮನುಷ್ಯ. ನಿಮ್ಮ ಅಚ್ಚಿನ ಬಾಗಿಲನ್ನು ಹತ್ತು ಸಲ ತೆಗೆದು ಹತ್ತು ಸಲ ಹಾಕಿ ನೋಡಿದರು, ಆ ಸದ್ದು ಕೇಳುವುದಕ್ಕೇ.

ಅರ್ಜಿಯಲ್ಲಿ ಒಂದು ಅಂಕಣ: ತಯಾರಕರು. ಡೆಕ್ಲನ್ ಹೇಳಿದರು, "ಹಳೆ ನೋಂದಣಿ ಪುಸ್ತಕ ಸಿಕ್ಕಿದೆಯಲ್ಲ, ಚಾಸಿಯ ಅರ್ಧ ಫೋರ್ಡಿನದೇ. ಫೋರ್ಡು, ಮಾರ್ಪಾಡು ಮಾಡಿದ್ದು ಅಂತ ಬರೆದ್ರೆ ಜೂನಿಗೆ ಪ್ಲೇಟು ಬರುತ್ತೆ. ಹೊಸದಾಗಿ ಕಟ್ಟಿದ್ದು ಅಂದ್ರೆ ಪೂರ್ತಿ ತಪಾಸಣೆ, ಹೊಸ ಚಾಸಿ ನಂಬರು, ಯಾವಾಗ ಮುಗಿಯುತ್ತೋ ಹೇಳೋಕಾಗಲ್ಲ." ಹೊಸದು ಅಂದರೆ ತಯಾರಕರು ಯಾರು ಅಂತ ಬರೆಯಬೇಕು ಅಂದೆ. "ಕಟ್ಟಿದವರು ಯಾವ ಹೆಸರು ಕೊಡ್ತಾರೋ ಅದು" ಅಂದರು.

ದೊಡ್ಡಯ್ಯ ಅಂತ ಬರೆಯುತ್ತೇನೆ ಅಪ್ಪ. ನೀವು ಬಡಿದ ಒಂದೊಂದು ಲಾರಿಯ ಹಣೆಯ ಮೇಲೂ ಷೆಡ್ಡಿನ ಸಾಹುಕಾರನ ಹೆಸರೇ ಇತ್ತು. ಅವನಿಗೆ ಸುತ್ತಿಗೆಯ ಹಿಡಿ ಯಾವ ಕಡೆ ಅಂತಲೂ ಗೊತ್ತಿರಲಿಲ್ಲ. ಒಂದು ಗಾಡಿಯ ಮೇಲಾದರೂ ನಿಮ್ಮ ಹೆಸರು ಬರಲಿ.

ನೀಲಾ


ಮೈಸೂರು
೨೬ ಏಪ್ರಿಲ್ ೨೦೨೫

ನೀಲಾ, ಜೈಭೀಮ್.

ಬೇಡ. ಫೋರ್ಡು ಅಂತಲೇ ಬರಿ.

ಆ ಮುದುಕಿಗೆ ಮಾತು ಕೊಟ್ಟಿದ್ದೀಯ. ಅವಳ ಗಂಡ ಐವತ್ತು ವರ್ಷ ಏಮಾರಿಸಿದ. ನೀನು ನನ್ನ ಹೆಸರಿನ ನೆಪದಲ್ಲಿ ಮತ್ತೆ ಏಮಾರಿಸಬೇಡ. ಅಕ್ಟೋಬರಿಗೆ ಗಾಡಿ ಗುಜರಿಗೆ ಹೋದರೆ ಅದರ ಹಣೆಯ ಮೇಲೆ ಯಾರ ಹೆಸರಿದ್ದರೇನು?

ಸುತ್ತಿಗೆ ಕಿತ್ತುಕೊಂಡ ಮಾತನ್ನು ಎತ್ತಿದ್ದೆ. ಹೇಳುತ್ತೇನೆ ಕೇಳು. ಸುತ್ತಿಗೆಯನ್ನು ನಾನು ಆರಿಸಿಕೊಳ್ಳಲಿಲ್ಲ. ನನ್ನನ್ನು ಶಾಲೆಯ ಬಾಗಿಲಾಚೆ ಕೂರಿಸಿದವರು ನನ್ನ ಕೈಗೆ ತುರುಕಿದ್ದು ಅದು. ನಾನು ತಟ್ಟಿದ ಲಾರಿಯಲ್ಲಿ ಸಾಹುಕಾರನ ದೇವರು ಕೂತು ಮೆರವಣಿಗೆ ಹೋಗಬಹುದಿತ್ತು, ಅವನ ಮನೆಯ ಲೋಟದಲ್ಲಿ ನಾನು ಕಾಫಿ ಕುಡಿಯುವ ಹಾಗಿರಲಿಲ್ಲ. ನನಗೆ ಬೇರೆ ಲೋಟ, ಕಿಟಕಿಯ ಹೊರಗೆ. ಆ ಸುತ್ತಿಗೆ ನಿನ್ನ ಕೈಯಲ್ಲಿ ಕಂಡಾಗ ನನಗೆ ಆ ಲೋಟ ಕಂಡಿತು. ಕಿತ್ತುಕೊಂಡೆ. ತಪ್ಪೋ ಸರಿಯೋ ಗೊತ್ತಿಲ್ಲ. ಈಗಾಗಿದ್ದರೂ ಕಿತ್ತುಕೊಳ್ಳುತ್ತಿದ್ದೆ.

ಹೆಸರು ಹಾಕುವುದು ಅಂದರೆ ತಲೆ ಎತ್ತುವುದು. ಬೀದಿಯಲ್ಲಿ ಸಾವಿರ ಜನರ ನಡುವೆ ತಲೆ ಎತ್ತುವುದು ಸುಲಭ. ಒಬ್ಬನೇ ಎತ್ತುವುದು ನನಗೆ ಅಭ್ಯಾಸವಿಲ್ಲ. ಬಿಡು.

ಬಾಗಿಲ ಸದ್ದು ಕೇಳಿ ಆ ಇಂಜಿನಿಯರ್ ಏನಂದ ಅಂತ ಸರಿಯಾಗಿ ಬರೆದಿಲ್ಲ ನೀನು. ಬರಿ.

ದೊಡ್ಡಯ್ಯ


ಲಿಮೆರಿಕ್
18 ಮೇ 2025

ಅಪ್ಪ,

ಬಾಗಿಲ ಸದ್ದಿಗೆ ಡೆಕ್ಲನ್ ಅಂದದ್ದು ಒಂದೇ ಪದ. ಅದನ್ನು ಕನ್ನಡದಲ್ಲಿ ಬರೆಯಲು ಮರ್ಯಾದೆ ಅಡ್ಡ ಬರುತ್ತದೆ. ಹೊಗಳಿಕೆಯೇ, ನಂಬಿ.

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಆ ಲೋಟದ ವಿಷಯ ನನಗೆ ಯಾರೂ ಹೇಳಿರಲಿಲ್ಲ. ನನ್ನ ಹದಿನಾಲ್ಕು ತಿಂಗಳ ಸಿಟ್ಟಿನಲ್ಲಿ ಅರ್ಧವನ್ನು ವಾಪಸು ತೆಗೆದುಕೊಂಡಿದ್ದೇನೆ. ಉಳಿದರ್ಧ ಇದೆ, ಕೇಳಿ.

ನೀವು ಸುತ್ತಿಗೆಯನ್ನು ಆರಿಸಿಕೊಳ್ಳಲಿಲ್ಲ. ನಾನು ಆರಿಸಿಕೊಂಡೆ. ಓದಿ, ಕೆಲಸ ಹಿಡಿದು, ಬೇರೆ ಹತ್ತು ದಾರಿ ಮುಂದಿದ್ದಾಗ ಆರಿಸಿಕೊಂಡೆ. ಇದು ನಿಮ್ಮ ಸೋಲಲ್ಲ, ನೀವು ಗೆದ್ದದ್ದೇ ಇದು. ಇಲ್ಲಿ ಬ್ರೀಡ್ ಅಜ್ಜಿ, ಡೆಕ್ಲನ್, ನಾನು ಮೂವರೂ ಒಂದೇ ಥರದ ಮಗ್ಗಿನಲ್ಲಿ ಟೀ ಕುಡಿಯುತ್ತೇವೆ. ಒಂದರ ಕಿವಿ ಮುರಿದಿದೆ. ಅದು ಯಾರಿಗೆ ಬರುತ್ತದೋ ಅವರು ಬೈದುಕೊಂಡು ಕುಡಿಯುತ್ತಾರೆ.

ಅಜ್ಜಿಗೆ ಎಲ್ಲ ಹೇಳಿದೆ. ಫೋರ್ಡು ಅಂದರೆ ಜೂನಿನಲ್ಲೇ ಕಿಲ್ಕೀ, ಅಪ್ಪನ ಹೆಸರೆಂದರೆ ಖಾತ್ರಿ ಇಲ್ಲ, ನೀವೇ ತೀರ್ಮಾನ ಮಾಡಿ ಅಂದೆ. ಅವರು ಬಿಸ್ಕತ್ತು ಅದ್ದಿಕೊಂಡು ಅಂದರು: "ಫೋರ್ಡ್ ನನ್ನ ಅಡಿಗೆಮನೆಗೆ ಬಂದು ಟೀ ಕುಡಿದ್ನಾ? ಇಲ್ಲ. ನಿಮ್ಮಪ್ಪ ರಟ್ಟು ಕಳಿಸ್ದ. ಅವನ ಹೆಸರೇ ಬರಿ. ಸಮುದ್ರ ಎಲ್ಲೂ ಓಡಿ ಹೋಗಲ್ಲ."

ಬರೆದುಬಿಟ್ಟೆ. ಅರ್ಜಿ ಹೋಗಿದೆ. ಈಗ ನೀವು ಬೈಯಬಹುದು, ಅಳಿಸಲು ಆಗುವುದಿಲ್ಲ.

ಇನ್ನೊಂದು ಸಂಗತಿ. ಇಲ್ಲಿನ ನಂಬರ್ ಪ್ಲೇಟಿನ ಮೇಲೆ ಊರಿನ ಹೆಸರು ಐರಿಷ್ ಭಾಷೆಯಲ್ಲಿರಬೇಕು, ಕಾನೂನೇ ಹಾಗೆ. ಲಿಮೆರಿಕ್ ಅಂತ ಬರೆಯುವುದಿಲ್ಲ, ಅವರ ಭಾಷೆಯ ಲಿಮ್‌ನಾಖ್ ಅಂತಲೇ ಬರೆಯುತ್ತಾರೆ. ಮೊಪೆಡ್ಡಿಗೆ ಕನ್ನಡ ಅಂಕಿ ಹಾಕಿಸಿ ಪೊಲೀಸಿನವರ ಹತ್ತಿರ ಮೂರು ಸಲ ದಂಡ ಕಟ್ಟಿದ ನೀವು ನೆನಪಾದಿರಿ. ಅಜ್ಜಿಗೆ ಹೇಳಿದರೆ, "ಪ್ಲೇಟು ಮಾತ್ರ ಐರಿಷ್ ಆಡುತ್ತೆ, ನಾವೆಲ್ಲ ಮರೆತಿದ್ದೀವಿ. ನೀವು ಉಲ್ಟಾ" ಅಂದರು. ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ. ನಿಮಗೆ ಹಿಡಿಸುತ್ತಾರೆ.

ಕಚೇರಿಯವರು ಚಾಸಿಗೆ ಹೊಸ ನಂಬರು ಕೊಟ್ಟಿದ್ದಾರೆ. ಅದನ್ನು ಕಬ್ಬಿಣದ ಮೇಲೆ ನಾನೇ ಹೊಡೆಯಬೇಕು. ಅಂಕಿ ಒತ್ತುವ ನಿಮ್ಮ ಉಕ್ಕಿನ ನಂಬರ್ ಪಂಚಿನ ಡಬ್ಬಿ ಕಳಿಸುತ್ತೀರಾ? ಇಲ್ಲೂ ಅಂಗಡಿಯಲ್ಲಿ ಸಿಗುತ್ತದೆ. ನನಗೆ ನಿಮ್ಮದೇ ಬೇಕು.

ನೀಲಾ


ಮೈಸೂರು
೮ ಜೂನ್ ೨೦೨೫

ನೀಲಾ, ಜೈಭೀಮ್.

ಪಂಚಿನ ಡಬ್ಬಿ ಕಳಿಸಿದ್ದೇನೆ. ಸೊನ್ನೆಯಿಂದ ಒಂಬತ್ತರವರೆಗೆ ಕ್ರಮವಾಗಿ ಜೋಡಿಸಿದ್ದೇನೆ, ತಲೆಕೆಳಗು ಮಾಡಬೇಡ. ಪಂಚಿನ ಬಾಯಲ್ಲಿ ಅಂಕಿ ಉಲ್ಟಾ ಇರುತ್ತದೆ, ಓದಲು ಹೋಗಬೇಡ, ಡಬ್ಬಿಯ ಮನೆ ಎಣಿಸಿ ತೆಗೆದುಕೋ. ಒಂದಂಕಿಗೆ ಒಂದೇ ಏಟು. ಎರಡನೆಯ ಏಟು ಹಾಕಿದರೆ ನೆರಳು ಬೀಳುತ್ತದೆ.

ಹೆಸರಿನ ವಿಷಯದಲ್ಲಿ ನಿನಗೆ ಬೈಯಬೇಕು ಅಂತ ಕೂತೆ. ಹಾಳೆ ಇಷ್ಟೇ ಇತ್ತು.

ದೊಡ್ಡಯ್ಯ


ಲಿಮೆರಿಕ್
30 ಜುಲೈ 2025

ಅಪ್ಪ,

ಫೇಲ್ ಆದೆವು.

ಬ್ರೇಕು ಪಾಸು, ದೀಪ ಪಾಸು, ಹೊಗೆ ಪಾಸು, ಬೆಲ್ಟು ಪಾಸು. ನಿಮ್ಮ ಮಡ್‌ಗಾರ್ಡಿನಲ್ಲಿ ಚೂಪು ಅಂಚು ಇದೆಯೇ ಅಂತ ಅಧಿಕಾರಿ ಬೆರಳಾಡಿಸಿ ನೋಡಿ, ಆಮೇಲೆ ಕೆಲಸವಿಲ್ಲದೆ ಇನ್ನೊಂದು ಸಲ ಆಡಿಸಿದ. ಅಷ್ಟು ಹಿಡಿಸಿತು. ಕೊನೆಗೆ ಬಗ್ಗಿ ಚಾಸಿ ನಂಬರು ಓದಿದ. "ನಾಲ್ಕು, ಸೊನ್ನೆ, ಐದು, ಎರಡು" ಅಂದ.

"ಏಳು" ಅಂದೆ ನಾನು.

"ಎರಡು."

"ಏಳು ಸ್ವಾಮಿ, ಸರಿಯಾಗಿ ನೋಡಿ."

"ನೋಡ್ತಾ ಇದ್ದೀನಿ ತಾಯಿ. ಎರಡು. ನಿನ್ನ ಅರ್ಜಿಯಲ್ಲಿ ಏಳು ಇದೆ, ಕಬ್ಬಿಣದಲ್ಲಿ ಎರಡು ಇದೆ."

ಅಜ್ಜಿ ಕನ್ನಡಕ ಹಾಕಿಕೊಂಡು ಸೊಂಟ ಹಿಡಿದು ಬಗ್ಗಿದರು. "ಎರಡೇ ಕಣೆ ಹುಡುಗಿ" ಅಂದರು. ಡೆಕ್ಲನ್ ಬಗ್ಗಿದರು. ಎರಡು. ಮೂವರಿಗೂ ಕಣ್ಣು ಮಂಜಾಗಿದೆ ಅಂದುಕೊಂಡು ನಾನೂ ಬಗ್ಗಿ ನೋಡಿದೆ. ಏಳೇ. ಎಲ್ಲಿಂದ ನೋಡಿದರೂ ಏಳು. ಐದು ನಿಮಿಷ ಹಾಗೇ ನೋಡುತ್ತ ಕೂತ ಮೇಲೆ ಗೊತ್ತಾಯಿತು.

ಅದು ೭, ಅಪ್ಪ! ನಮ್ಮ ಏಳು!

ನಿಮ್ಮ ಡಬ್ಬಿಯಲ್ಲಿ ಒಂಬತ್ತು ಪಂಚು ಇಂಗ್ಲಿಷ್, ಏಳರ ಮನೆಯಲ್ಲಿ ಕನ್ನಡದ್ದು. ನೀವು ಹೇಳಿದ ಹಾಗೆ ಮನೆ ಎಣಿಸಿ ತೆಗೆದೆ, ಒಂದೇ ಏಟು ಹಾಕಿದೆ. ಎದ್ದು ಬಂದ ೭ ನೋಡಿ ನನ್ನ ಕಣ್ಣು ಏಳು ಅಂತ ಓದಿ ಸುಮ್ಮನಾಯಿತು. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ನೀವೇ ತಿದ್ದಿಸಿದ ಕಣ್ಣಲ್ಲವೇ ಅದು! ಒಂದು ತಿಂಗಳು ದಿನಾ ನೋಡಿದ್ದೇನೆ, ಒಂದು ದಿನವೂ ಅನುಮಾನ ಬರಲಿಲ್ಲ.

ಅಲ್ಲೇ ನೆಲದ ಮೇಲೆ ಕೂತು ನಗಲು ಶುರುಮಾಡಿದೆ. ಅಧಿಕಾರಿ ನಗಲಿಲ್ಲ. ಅರ್ಜಿಗೂ ಚಾಸಿಗೂ ನಂಬರು ಬೇರೆಯಾದರೆ ಕದ್ದ ಗಾಡಿ ಅನ್ನಬೇಕಾಗುತ್ತದಂತೆ. ಉಜ್ಜಿ ಅಳಿಸುವ ಹಾಗೂ ಇಲ್ಲ, ಅಳಿಸಿದರೆ ಇನ್ನೂ ದೊಡ್ಡ ಅನುಮಾನ. ಡೆಕ್ಲನ್ ಅವನ ಜೊತೆ ಮಾತಾಡಿ ಒಂದು ದಾರಿ ಮಾಡಿದ್ದಾರೆ. ಪಂಚಿನ ಮಾಲೀಕರು, ಇದು ಇಂಥ ಭಾಷೆಯ ಇಂಥ ಅಂಕಿ, ಇಂಥ ಕಾರಣಕ್ಕೆ ಬಂತು ಅಂತ ನೋಟರಿ ಎದುರು ಬರೆದು ಸಹಿ ಹಾಕಿ ಕಳಿಸಬೇಕು. ಅದನ್ನು ನೋಡಿ ತೀರ್ಮಾನಿಸುತ್ತಾರೆ. ಒಪ್ಪದಿದ್ದರೆ ಮುಗಿಯಿತು, ಅಕ್ಟೋಬರಿಗೆ ಗುಜರಿ.

ಒಬ್ಬರೇ ತಲೆ ಎತ್ತಲು ಅಭ್ಯಾಸವಿಲ್ಲ ಅಂದಿದ್ದಿರಿ. ಈಗ ಬೇರೆ ದಾರಿ ಇಲ್ಲ. ನಿಮ್ಮ ಹೆಸರು, ನಿಮ್ಮ ಸಹಿಯೇ ಬೇಕು.

ಒಂದು ಮಾತು ಹೊಳೆಯುತ್ತಿಲ್ಲ. ಲಾರಿಯ ನಂಬರೆಲ್ಲ ಇಂಗ್ಲಿಷಿನಲ್ಲೇ ಹೊಡೆಯುವುದಲ್ಲವೇ? ನಿಮ್ಮ ಹತ್ತಿರ ಕನ್ನಡದ ಪಂಚು ಯಾಕಿತ್ತು?

ನೀಲಾ


ಮೈಸೂರು
20 ಆಗಸ್ಟ್ 2025

ಮಗಾ ನೀಲಾ,

ನಾನು ನಿಮ್ಮಮ್ಮ ಪಾರ್ವತಿ ಬರೀತಿರೋದು. ನಿಮ್ಮಪ್ಪನ ಸಹಿ ಕಾಗದ ಇದರೊಳಗೇ ಐತೆ. ನೋಟರಿ ಹತ್ರ ಹೋಗಕೆ ನೀಲಿ ಶಾಲು ಹೊದ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು, ಮದುವೆಗೆ ಹೊಂಟೋರಂಗೆ ಹೊಂಟ್ರು. ನೀನು ಕೇಳಿದ್ದಕ್ಕೆ ಅವರು ಉತ್ರ ಬರೆಯಲ್ಲ ಅಂದ್ರು. ಅದಕ್ಕೆ ನಾನು ಬರೀತಿವ್ನಿ.

ನೀನಿನ್ನೂ ಹುಟ್ಟಿರಲಿಲ್ಲ ಕಣವ್ವ. ಒಂದಿನ ನಿಮ್ಮಪ್ಪ ಸಾಹುಕಾರನ್ನ ಕೇಳಿದ್ರಂತೆ, ಬುದ್ಧಿ, ಬಾಗಿಲ ಮೂಲೇಲಿ ಸಣ್ಣದಾಗಿ ನನ್ನ ಹೆಸರೂ ಬರೀಲಾ ಅಂತ. ಅವನು ನಕ್ಕು, "ನಿನ್ನ ಹೆಸರು ಬರೆದ್ರೆ ಲಾರಿ ಯಾರ್ಲಾ ತಗೋತಾರೆ ದೊಡ್ಡ?" ಅಂದ. ಇವರು ಮನೆಗೆ ಬಂದು ಉಣ್ಣಲಿಲ್ಲ. ಮಾರನೇ ವಾರ ಕಮ್ಮಾರನತ್ರ ಕೂತು ಹತ್ತು ಕನ್ನಡ ಪಂಚು ಕಡಿಸ್ಕೊಂಡು ಬಂದ್ರು. ಆವತ್ತಿಂದ ಪ್ರತಿ ಲಾರಿಗೂ ಡ್ರೈವರ್ ಸೀಟಿನ ಅಡೀಲಿ, ಯಾರಿಗೂ ಕಾಣ್ದಂಗೆ, ಒಂದು ನಂಬರ್ ಹೊಡಿಯೋರು. ೧, ೨, ೩ ಅಂತ. ಇಂಗ್ಲಿಷ್ ನಂಬರು ಸಾಹುಕಾರಂದು, ಇದು ನಂದು ಅನ್ನೋರು. ಕೆಲಸ ಬಿಟ್ಟ ದಿನ ಹೊಡೆದಿದ್ದು ೩೪೮. ಇದು ನನಗೆ ಮಾತ್ರ ಗೊತ್ತಿತ್ತು. ಈಗ ನಿನಗೆ.

ಇಂಗ್ಲಿಷ್ ಏಳು ಮುರಿದೋಗಿತ್ತಂತೆ. ಜಾಗ ಖಾಲಿ ಇರಬಾರದು ಅಂತ ಕನ್ನಡದ್ದು ತಂದಿಟ್ಟು ಮರ್ತಿದ್ರಂತೆ. ನಿನ್ನ ಕಾಗದ ಓದಿ ಇವರೂ ಹೊಟ್ಟೆ ಹಿಡ್ಕೊಂಡು ನಕ್ರು. ಆಮೇಲೆ ಬಾಗಲಲ್ಲಿ ಕೂತ್ರು. "ನೋಡ್ದಾ, ಅದು ತಾನೇ ಹೋಗಿ ಕೂತ್ಕಂಡದೆ" ಅಂದ್ರು.

ಬಿಸಿ ಕಂಬಿ ಹುಷಾರು.

ಅಮ್ಮ


ಐರ್ಲೆಂಡ್ ದೇಶದ ವಾಹನ ತಪಾಸಣೆ ಅಧಿಕಾರಿಗಳಿಗೆ

ಮೈಸೂರು
೧೮ ಆಗಸ್ಟ್ ೨೦೨೫

ಸ್ವಾಮಿ ಅಂತ ಬರೆಯುವುದನ್ನು ನಾನು ಬಿಟ್ಟು ನಲವತ್ತು ವರ್ಷವಾಯಿತು. ಆದ್ದರಿಂದ, ಗೆಳೆಯರೇ.

ಕೆಳಗೆ ಸಹಿ ಮಾಡಿರುವ ದೊಡ್ಡಯ್ಯನಾದ ನಾನು, ವಯಸ್ಸು ಅರವತ್ತೇಳು, ಕಸುಬು ಲಾರಿ ಬಾಡಿ ಟಿಂಕರಿಂಗ್, ನೋಟರಿಯವರ ಎದುರು ಪ್ರಮಾಣ ಮಾಡಿ ತಿಳಿಸುವುದೇನೆಂದರೆ: ನನ್ನ ಮಗಳು ನೀಲಾ ಕಟ್ಟಿದ ಗಾಡಿಯ ಚಾಸಿಯ ಮೇಲೆ ಕೊನೆಯಲ್ಲಿರುವ ಅಂಕಿ ಎರಡಲ್ಲ, ಏಳು. ಅದು ಕನ್ನಡ ಭಾಷೆಯದು. ಆ ಪಂಚು ನನ್ನದು. ಅದನ್ನು ಆ ಡಬ್ಬಿಗೆ ಹಾಕಿದವನು ನಾನು. ತಪ್ಪು ನನ್ನದು, ಗಾಡಿ ಕದ್ದದ್ದಲ್ಲ. ನನ್ನ ಮಗಳು ಕದಿಯುವವಳಾಗಿದ್ದರೆ ನನ್ನ ಜೊತೆ ಇಷ್ಟು ವರ್ಷ ಜಗಳವಾಡುತ್ತಿರಲಿಲ್ಲ, ಸುತ್ತಿಗೆಯನ್ನು ಕದ್ದೇ ಒಯ್ಯುತ್ತಿದ್ದಳು.

ನಮ್ಮ ಭಾಷೆಯಲ್ಲಿ ಏಳು ಅಂದರೆ ಅಂಕಿ ಮಾತ್ರವಲ್ಲ. ಬಿದ್ದವನನ್ನು ಕುರಿತು, ಮಲಗಿದವನನ್ನು ಕುರಿತು, ಏಳು ಅನ್ನುತ್ತೇವೆ. ಎದ್ದು ನಿಲ್ಲು ಅಂತ ಅರ್ಥ. ನಾನು ಬಹಳ ಸಲ ಬೇರೆಯವರಿಗೆ ಹೇಳಿದ್ದೇನೆ. ಅದನ್ನು ಅಳಿಸಬೇಡಿ ಅಂತ ಕೇಳುತ್ತೇನೆ.

ಆ ಗಾಡಿಯ ಮೈಯ ಅಚ್ಚುಗಳನ್ನು ಕತ್ತರಿಸಿದವನೂ ನಾನೇ. ಅರ್ಜಿಯಲ್ಲಿ ತಯಾರಕರು ಅನ್ನುವ ಕಡೆ ಇರುವ ಹೆಸರು ನನ್ನದು. ಅದಕ್ಕೆ ನನ್ನ ಒಪ್ಪಿಗೆ ಇದೆ.

ದೊಡ್ಡಯ್ಯ


ಕಿಲ್ಕೀ
೧೨ ಅಕ್ಟೋಬರ್ ೨೦೨೫

ಅಪ್ಪ,

ಊರಿನ ಹೆಸರು ನೋಡಿದಿರಾ? ಸಮುದ್ರದ ದಂಡೆಯಲ್ಲಿ, ಗಾಡಿಯ ಬೆನ್ನಿಗೆ ಒರಗಿಕೊಂಡು ಬರೆಯುತ್ತಿದ್ದೇನೆ. ಗಾಳಿ ಹಾಳೆಯನ್ನು ಕಿತ್ತುಕೊಳ್ಳುತ್ತಿದೆ. ಅಜ್ಜಿ ಸೀಟು ಬಿಟ್ಟು ಇಳಿಯುವುದಿಲ್ಲ ಅಂತ ಹಟ ಹಿಡಿದು ಅಲ್ಲೇ ಚಿಪ್ಸ್ ತಿನ್ನುತ್ತಿದ್ದಾರೆ, ವಿನೆಗರ್ ಎಲ್ಲ ಹೊಸ ಸೀಟಿನ ಮೇಲೆ.

ನಿಮ್ಮ ಕಾಗದವನ್ನು ಅಧಿಕಾರಿ ನನ್ನ ಬಾಯಲ್ಲೇ ಇಂಗ್ಲಿಷಿನಲ್ಲಿ ಹೇಳಿಸಿಕೊಂಡ. ನೋಟರಿಯ ಅನುವಾದ ಕೈಯಲ್ಲಿತ್ತು, ಆದರೂ ನೀನು ಹೇಳು ಅಂದ. ಹೇಳಿ ಮುಗಿಸಿದೆ. ಗಲ್ಲ ಕೆರೆದುಕೊಂಡು, "ಆದ್ರೂ ನನಗೆ ಓದೋಕೆ ಬರಲ್ವಲ್ಲ" ಅಂದ. ನನಗೆ ರೇಗಿತು. ಹೊರಗೆ ನಿಂತ ಅವನದೇ ಕಾರು ತೋರಿಸಿದೆ. "ನಿಮ್ಮ ಪ್ಲೇಟಿನ ಮೇಲಿರೋ ಪದ ನನಗೂ ಓದೋಕೆ ಬರಲ್ಲ. ಲಿಮೆರಿಕ್ ಅಂತ ನೀವು ಹೇಳಿದ್ರಿ, ನಾನು ನಂಬಿದೆ. ಇದು ಏಳು ಅಂತ ನಮ್ಮಪ್ಪ ಹೇಳ್ತಿದ್ದಾರೆ. ನೀವು ನಂಬಿ."

ಅವನು ಕಾರು ನೋಡಿದ, ನನ್ನನ್ನು ನೋಡಿದ. "ನಮ್ಮಜ್ಜಿಗೆ ಐರಿಷ್ ಬಿಟ್ರೆ ಬೇರೆ ಬರ್ತಿರಲಿಲ್ಲ" ಅಂದ. ಪೆನ್ನು ತೆಗೆದ. ಮೇಲಿನವರ ಒಪ್ಪಿಗೆಗೆ ನಾಲ್ಕು ವಾರ ಹಿಡಿಯಿತು, ಆದರೆ ಬಂತು. ವರದಿಯಲ್ಲಿ ಬರೆದಿದ್ದಾರೆ: ಕೊನೆಯ ಅಂಕಿ ಏಳು, ಕನ್ನಡದಲ್ಲಿ. ಅದನ್ನು ತೆಗೆದುಕೊಂಡು ನಾನು ಹೊರಡುವಾಗ ಅವನು ಚಾಸಿ ಮುಟ್ಟಿ, "ಎದ್ದೇಳು ಅಂತ ಅಲ್ವಾ? ಹಾಗಾದ್ರೆ ಸ್ಟಾರ್ಟ್ ಮಾಡು, ನೋಡೋಣ" ಅಂದ. ಮೊದಲ ಸಲಕ್ಕೇ ಎದ್ದಿತು. ಕಿಟಕಿ ಗಾಜು ನಡುಗಿತು.

ನೋಂದಣಿ ಪತ್ರದ ಫೋಟೊ ಇಟ್ಟಿದ್ದೇನೆ. ತಯಾರಕರು ಅನ್ನುವ ಕಡೆ ನೋಡಿ. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಒಬ್ಬ, "ಚೆನ್ನಾಗಿದೆ, ಯಾವ ಕಂಪನಿದು?" ಅಂತ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, "ಡೊಡಾಯಾ! ಇಂಡಿಯಾದ್ದು. ನಿಂಗೆ ಗೊತ್ತಿಲ್ವಾ?" ಅಂದರು. ಅವನು ಗೊತ್ತು ಅನ್ನುವ ಹಾಗೆ ತಲೆಯಾಡಿಸಿದ.

ಅಮ್ಮ ಎಲ್ಲ ಬರೆದಳು. ನನ್ನ ಉಳಿದರ್ಧ ಸಿಟ್ಟೂ ಇಲ್ಲೇ ಸಮುದ್ರಕ್ಕೆ ಹೋಯಿತು.

ನಿಮ್ಮ ನೀಲಾ


ಮೈಸೂರು
೨ ನವೆಂಬರ್ ೨೦೨೫

ಮಗಳೇ, ಜೈಭೀಮ್.

ಫೋಟೊ ದೊಡ್ಡದು ಮಾಡಿಸಿ ಷೆಡ್ಡಿಗೆ ಒಯ್ದಿದ್ದೆ. ಹಳೆಯ ಜೊತೆಗಾರರೆಲ್ಲ ಟೀ ಅಂಗಡಿಯಲ್ಲಿ ಕೈಯಿಂದ ಕೈಗೆ ದಾಟಿಸಿ ಓದಿದರು. ಸಾಹುಕಾರನ ಮಗನಿಗೂ ತೋರಿಸಿದೆ. ಅವನು ಏನೋ ಅಂದ. ನನಗೆ ಕೇಳಿಸಲಿಲ್ಲ. ಕಿವಿ ಹೋದದ್ದರಿಂದ ಇಂಥ ಅನುಕೂಲವೂ ಉಂಟು.

ಆ ಮುದುಕಿಗೆ ನನ್ನ ನಮಸ್ಕಾರ ಹೇಳು. ಹೆಸರು ತಪ್ಪು ಹೇಳುತ್ತಾಳೆ, ತಿದ್ದಬೇಡ.

ಕನ್ನಡದ ೭ ನಿನ್ನ ಹತ್ತಿರ ಇದೆ. ಉಳಿದ ಒಂಬತ್ತನ್ನೂ ಇದರ ಜೊತೆ ಕಳಿಸಿದ್ದೇನೆ. ನನ್ನ ಸುತ್ತಿಗೆಯೂ ಇದೆ, ಪಾರ್ಸಲ್ ಭಾರ ಅದರದ್ದೇ. ಹಿಡಿ ಹೊಸದಾಗಿ ಹಾಕಿಸಿದ್ದೇನೆ, ನಿನ್ನ ಕೈಗೆ ತೆಳ್ಳಗೆ.

ಆ ಗಾಡಿಗೆ ೩೪೯ ಹೊಡಿ. ಸೀಟಿನ ಅಡಿಯಲ್ಲಿ ಬೇಡ. ಎದುರಿಗೆ, ಸ್ಟೇರಿಂಗಿನ ಪಕ್ಕ, ಬಾಗಿಲು ತೆಗೆದವರಿಗೆಲ್ಲ ಕಾಣುವ ಹಾಗೆ. ಒಂದೇ ಏಟು.

ಮುನ್ನೂರೈವತ್ತು ಯಾವಾಗ?

ದೊಡ್ಡಯ್ಯ
ತಯಾರಕರು